ಮೋಲ್ಡಿನ ದಿನದ ಊಟ

"ಸಾಲು ಬಿಟ್ರೆ ಕಾಲು ಮುರೀತೀನಿ, ಮುಂಡೆ. ಮೊದ್ಲು ಮೋಲ್ಡು, ಆಮೇಲೆ ನಿನ್ನ ಹೊಟ್ಟೆ."

ಬೈದವರು ಮನೆ ಕಟ್ಟಿಸುತ್ತಿದ್ದ ಆಫೀಸರ್ ವೆಂಕಟರಮಣಪ್ಪ. ಬೈಸಿಕೊಂಡವಳು ನನ್ನ ತಂಗಿ ಲಿಂಗಮ್ಮ. ಎಂಬತ್ತಮೂರರ ಬೇಸಿಗೆ, ವಿಜಯನಗರದ ಸೈಟು. ನಾವು ಹನ್ನೊಂದು ಜನ ಹೆಂಗಸರು ಸಾರವೆಯ ಮೇಲೆ ಸಾಲಾಗಿ ನಿಂತು, ಕಾಂಕ್ರೀಟು ತುಂಬಿದ ಬಾಂಡ್ಲಿಗಳನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದೆವು. ಬೆಳಿಗ್ಗೆ ಏಳಕ್ಕೆ ಹತ್ತಿದವರು ಗಂಟೆ ಎರಡಾದರೂ ಇಳಿದಿರಲಿಲ್ಲ.

ಮೋಲ್ಡು, ಅಂದರೆ ಸೂರಿನ ಕಾಂಕ್ರೀಟು, ಹಾಕುವ ದಿನ ಕೂಲಿಯವರಿಗೆ ಯಜಮಾನರದೇ ಊಟ. ಅದನ್ನು ನಂಬಿ ಮೂಡಲಪಾಳ್ಯದ ನಮ್ಮ ಗುಡಿಸಲುಗಳಲ್ಲಿ ಅವತ್ತು ಯಾರೂ ಒಲೆ ಹಚ್ಚುವುದಿಲ್ಲ. ಅನ್ನದ ಕೊಳದಪ್ಪಲೆ ಹನ್ನೊಂದಕ್ಕೇ ಬಂದು ಶೆಡ್ಡಿನಲ್ಲಿ ಕೂತಿತ್ತು. ಪೂಜೆಗೆ ಬಂದ ಯಜಮಾನರ ನೆಂಟರು ಉಂಡು, ಎಲೆ ಎಸೆದು, ನೆರಳಲ್ಲಿ ಕೂತು ನಮ್ಮನ್ನು ನೋಡುತ್ತಿದ್ದರು.

ಲಿಂಗಮ್ಮನ ಕೂಸು ಹೊಂಗೆ ಮರದ ಜೋಲಿಯಲ್ಲಿ ಅತ್ತು ಅತ್ತು ಗಂಟಲು ಕಟ್ಟಿಕೊಂಡಿತ್ತು.

"ಎದೇಲಿ ಹಾಲಿಲ್ಲ ಸಾಮಿ. ಎರಡು ತುತ್ತು ಉಂಡು, ಮಗೀಗೆ ಕೊಟ್ಟು ಬತ್ತೀನಿ."

"ವರ್ಷಕ್ಕೊಂದು ಈಯಕ್ಕೆ ಯಾವನು ಹೇಳ್ದ ನಿಂಗೆ?"

ನೆಂಟರು ನಕ್ಕರು. ನನ್ನ ಮೈ ಉರಿದುಹೋಯಿತು. ಕೈಗೆ ಬಂದ ಬಾಂಡ್ಲಿಯನ್ನು ಮುಂದೆ ಕೊಡದೆ ಕೆಳಗೆ ಸುರಿದೆ. ಹಿಂದಿದ್ದ ಚಿಕ್ಕಗಂಗಮ್ಮನೂ ಸುರಿದಳು. ಎಲ್ಲರೂ ಇಳಿದು ಮರದ ಬುಡದಲ್ಲಿ ಕೂತೆವು.

ಮೇಸ್ತ್ರಿ ಮುನಿಯಣ್ಣ ನನ್ನ ಹತ್ತಿರ ಓಡಿ ಬಂದ. "ಅಂಜಮ್ಮ, ಅರ್ಧಕ್ಕೆ ನಿಲ್ಲಿಸ್ಬೇಡ ಕಣೇ. ಹಾಕಿರೋದು ಗಟ್ಟಿಯಾದ್ರೆ ಹೊಸದು ಕಚ್ಕೊಳಲ್ಲ. ಜೀವಮಾನ ಸೋರ್ತದೆ."

"ಗೊತ್ತು ಕಣಣ್ಣ. ಅದಕ್ಕೇ ಕೂತಿರೋದು."

"ಪೊಲೀಸ್ನೋರನ್ನ ಕರೆಸ್ತೀನಿ, ಬೋಳಿಮಕ್ಕಳಾ," ಅಂದರು ವೆಂಕಟರಮಣಪ್ಪ.

"ಕರೆಸಿ. ಬಾಂಡ್ಲಿ ಅವರೇ ಹೊರ್ಲಿ," ಅಂದೆ.

ಅವರು ಬಿಸಿಲು ನೋಡಿದರು, ಅರ್ಧ ಹಾಸಿದ ಸೂರು ನೋಡಿದರು. ಆಮೇಲೆ ಕೊಳದಪ್ಪಲೆ ಎಳೆಸಿ ತರಿಸಿ, ತಾವೇ ಸೌಟು ಹಿಡಿದರು. "ಬೇಗ ಉಣ್ರಮ್ಮ. ಹತ್ತೇ ನಿಮಿಷ."

ಲಿಂಗಮ್ಮ ಕೂಸನ್ನು ಸೆರಗಿನೊಳಗೆ ತೆಗೆದುಕೊಂಡು ಒಂದು ತುತ್ತು ಬಾಯಿಗಿಟ್ಟಳು. ಅಗಿದಳು. ನುಂಗಿ, ನೀರು ಕುಡಿದು, ಇನ್ನೊಂದು ಕಲೆಸಿದಳು. ನಾವೂ ಅವಳಷ್ಟೇ ನಿಧಾನವಾಗಿ ಉಂಡೆವು. ಮೇಲೆ ಕಾಂಕ್ರೀಟಿನ ಅಂಚು ಒಣಗಿ ಬೆಳ್ಳಗಾಗುತ್ತಿತ್ತು. ಮುನಿಯಣ್ಣ ತಲೆಯ ಮೇಲೆ ಕೈಹೊತ್ತು ನಿಂತಿದ್ದ.

"ಆಯ್ತೇನಮ್ಮ?" ಅಂದರು ವೆಂಕಟರಮಣಪ್ಪ.

ಲಿಂಗಮ್ಮ ಎಲೆಯನ್ನು ಅವರ ಕಡೆ ಸರಿಸಿದಳು.

"ಇನ್ನೊಂದಿಷ್ಟು ಅನ್ನ ಇಕ್ಕಿ ಸಾಮಿ."