ನಾಯಿಗೆ ಹಸಿರು ಚೀಟಿ

ಸೊನ್ನೆ ತನ್ನ ಯಜಮಾನನ ಎದೆಗೆ ಮೊದಲ ಸಲ ಬೊಗಳಿದ್ದು ಒಂದು ಮಂಗಳವಾರ ಬೆಳಿಗ್ಗೆ, ಏಳು ಗಂಟೆ ಹನ್ನೆರಡು ನಿಮಿಷಕ್ಕೆ. ಇಷ್ಟು ಕರಾರುವಾಕ್ಕಾಗಿ ಹೇಳಲು ಸಾಧ್ಯವಾಗಿರುವುದು ಯಜಮಾನ ಅದನ್ನು ಆಗಲೇ ಬರೆದಿಟ್ಟುಕೊಂಡದ್ದರಿಂದ. ಬೇರೆ ಯಾರೇ ಆಗಿದ್ದರೂ "ಸುಮ್ನಿರೋ" ಎಂದು ಗದರಿ ಬಸ್ಸು ಹಿಡಿಯಲು ಓಡುತ್ತಿದ್ದರು.

ಅವನ ಕಸುಬೇ ಅಂಥದ್ದು. ತಕ್ಕಡಿಗಳು, ಥರ್ಮಾಮೀಟರುಗಳು, ಆಸ್ಪತ್ರೆಯ ಯಂತ್ರಗಳು ನಿಜ ಹೇಳುತ್ತಿವೆಯೋ ಸುಳ್ಳು ಹೇಳುತ್ತಿವೆಯೋ ಎಂದು ಪರೀಕ್ಷಿಸುವ ಲ್ಯಾಬಿನಲ್ಲಿ ಅವನು ಇಪ್ಪತ್ತೆರಡು ವರ್ಷಗಳಿಂದ ಇದ್ದ. ನಿಜ ಹೇಳುವ ಯಂತ್ರಕ್ಕೆ ಹಸಿರು ಚೀಟಿ, ಸುಳ್ಳು ಹೇಳುವುದಕ್ಕೆ ಕೆಂಪು ಚೀಟಿ. ಕೆಂಪು ಚೀಟಿ ಬಿದ್ದದ್ದು ಬಂದ ದಾರಿಗೆ ಸುಂಕವಿಲ್ಲವೆಂದು ವಾಪಸ್ಸು ಹೋಗಬೇಕು; ಅದರಲ್ಲಿ ದಯೆ ದಾಕ್ಷಿಣ್ಯ ಇಲ್ಲ. ಓಣಿಯವರು ಅವನಿಗೆ ಮಿಲಿಗ್ರಾಂ ಎಂದು ಹೆಸರಿಟ್ಟಿದ್ದರು. ನಾಯಿಗೆ ಸೊನ್ನೆ ಎಂದು ಹೆಸರಿಟ್ಟವನು ಅವನೇ. ಯಾವ ಅಳತೆಯೂ ಸೊನ್ನೆಯಿಂದ ಶುರುವಾಗಬೇಕು ಎಂಬುದು ಅವನ ವಾದ. ಶುರುವಾದದ್ದು ಅಲ್ಲೇ ನಿಂತಿದೆ ಎಂಬುದು ಹೆಂಡತಿಯ ವಾದ.

ಆ ಮಂಗಳವಾರ ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಎಡ ಜೇಬಿಗೆ ಪೆನ್ನು, ಫೋನು ಸೇರಿಸಿ, ಬೂಟಿನ ದಾರ ಕಟ್ಟಲು ಬಗ್ಗಿದ್ದ. ಸೊನ್ನೆ ಬಂದು ಅವನ ಎದೆಯ ಎಡಭಾಗಕ್ಕೆ ಮೂಗು ಒತ್ತಿ ಹಿಡಿಯಿತು. ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದು, ನಾಲ್ಕು ಸಲ ಬೊಗಳಿ, ಕೊನೆಗೆ ಉದ್ದಕ್ಕೆ ಊಳಿಟ್ಟಿತು.

ಅಡುಗೆಮನೆಯಿಂದ ಅತ್ತೆ ಇಕ್ಕಳ ಹಿಡಿದುಕೊಂಡೇ ಬಂದರು. ಹೆಂಡತಿಯ ತಾಯಿಯಾದ ಅವರನ್ನು ಕೈಯಲ್ಲಿ ಇಕ್ಕಳವಿಲ್ಲದೆ ಕಂಡವರು ಕಡಿಮೆ.

"ಎಡಗಡೆಗೆ ಬೊಗಳ್ತು ಅಳಿಯಂದ್ರೇ," ಎಂದರು, ತಣ್ಣಗೆ.

"ಬೊಗಳ್ಲಿ ಬಿಡಿ ಅತ್ತೆ. ಹೊಸ ಸೋಪಿನ ವಾಸನೆ ಇರ್ಬೇಕು."

"ನಾಯಿ ಮೂಗಿಗೆ ಗೊತ್ತಾಗದ್ದು ಡಾಕ್ಟ್ರಿಗೂ ಗೊತ್ತಾಗಲ್ಲ. ನಮ್ಮ ಪಕ್ಕದ ಮನೇಲಿ ಒಂದು ನಾಯಿ ಇತ್ತು. ಯಜಮಾನರ ಮೊಣಕಾಲನ್ನ ದಿನಾ ಮೂಸೋದು, ಅಳೋದು, ಮೂಸೋದು, ಅಳೋದು. ಮೂರೇ ತಿಂಗಳು."

"ಏನಾಯ್ತು ಅವ್ರಿಗೆ?"

"ಅವ್ರಿಗೇನಾಗುತ್ತೆ, ಗುಂಡುಕಲ್ಲಿನ ಹಾಗಿದಾರೆ. ನಾಯಿ ಸತ್ತೋಯ್ತು."

ಈ ಕಥೆಯಿಂದ ಯಾವ ತೀರ್ಮಾನಕ್ಕೂ ಬರುವಂತಿರಲಿಲ್ಲ. ಆದರೂ ಮಿಲಿಗ್ರಾಂ ಬಸ್ಸಿನಲ್ಲಿ ಕೂತು ಎರಡು ಸಲ ನಾಡಿ ಎಣಿಸಿಕೊಂಡ. ಬುಧವಾರ ಬೆಳಿಗ್ಗೆಯೂ ಸೊನ್ನೆ ಬೊಗಳಿತು. ಗುರುವಾರ ಎರಡು ಸಲ. ಶುಕ್ರವಾರ ಅವನು ರಜೆ ಹಾಕಿ ಹೃದಯದ ಡಾಕ್ಟರ ಮುಂದೆ ಅಂಗಿ ಬಿಚ್ಚಿ ಮಲಗಿದ.

ಡಾಕ್ಟರು ಇಸಿಜಿಯ ಕಾಗದವನ್ನು ಮೇಲಿನಿಂದ ಕೆಳಗೆ ನೋಡಿದರು. "ಏನೂ ತೊಂದ್ರೆ ಇಲ್ಲ. ನೋವು ಯಾವಾಗಿಂದ?"

"ನೋವಿಲ್ಲ ಡಾಕ್ಟ್ರೇ."

"ಸುಸ್ತು? ಉಬ್ಬಸ?"

"ಅದೂ ಇಲ್ಲ. ನಾಯಿ ಬೊಗಳುತ್ತೆ."

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹಾಗಾದ್ರೆ ನಾಯೀನೇ ಕರ್ಕೊಂಡು ಬರ್ಬೇಕಿತ್ತಲ್ರೀ. ರೋಗಿ ಮನೇಲಿದೆ, ನೀವು ಬಂದಿದೀರಿ."

ಮಿಲಿಗ್ರಾಂ ಸುಲಭಕ್ಕೆ ಜಗ್ಗುವ ಆಸಾಮಿಯಲ್ಲ. ಈ ಯಂತ್ರದ ತಪಾಸಣೆ ಕೊನೆಯ ಸಲ ಯಾವಾಗ ಆಗಿತ್ತು ಎಂದು ಕೇಳಿದ. ಡಾಕ್ಟರು ಯಂತ್ರವನ್ನು ಅವನ ಕಡೆಗೆ ತಿರುಗಿಸಿದರು. ಅದರ ಬೆನ್ನ ಮೇಲೆ ಹಸಿರು ಚೀಟಿ ಇತ್ತು. ಚೀಟಿಯ ಮೇಲೆ ಎರಡು ತಿಂಗಳ ಹಿಂದಿನ ತಾರೀಖು, ಕೆಳಗೆ ಅವನದೇ ಸಹಿ.

ಅವನ ನಿಜವಾದ ಕಷ್ಟ ಶುರುವಾದದ್ದು ಅಲ್ಲಿ. ಯಂತ್ರ ಸುಳ್ಳು ಹೇಳುತ್ತಿದೆ ಎಂದರೆ ಅವನ ಸಹಿ ಸುಳ್ಳು. ಸಹಿ ನಿಜವಾದರೆ ಸೊನ್ನೆ ಸುಳ್ಳು. ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿಕೊಂಡು ಯೋಚಿಸಿದ. ಐದು ವರ್ಷದಿಂದ ಅವನ ಪಾದದ ಮೇಲೆ ಗಲ್ಲ ಇಟ್ಟು ಮಲಗುವ ಪ್ರಾಣಿ ಅದು. ಪ್ರತಿ ಭಾನುವಾರ ಅದರ ತೂಕ ಬರೆದುಕೊಳ್ಳುತ್ತಿದ್ದ; ಈಗ ಹದಿನಾಲ್ಕು ಕಿಲೋ ಮುನ್ನೂರೈವತ್ತು ಗ್ರಾಂ. ಅದರ ಮೇಲೆ ಸುಮ್ಮನೆ ತಪ್ಪು ಹೊರಿಸಲು ಮನಸ್ಸು ಬರಲಿಲ್ಲ. ಸರಿ, ಲ್ಯಾಬಿನಲ್ಲಿ ಮಾಡುವುದನ್ನೇ ಮಾಡೋಣ, ನಾಯಿಯನ್ನೇ ತಪಾಸಣೆಗೆ ಹಚ್ಚೋಣ ಎಂದು ತೀರ್ಮಾನಿಸಿದ.

ನಡುಮನೆಯಲ್ಲಿ ಒಂದು ಸ್ಟೂಲು ಹಾಕಲಾಯಿತು. ಮಿಲಿಗ್ರಾಂ ಅದರ ಮೇಲೆ ಕೂರಬೇಕು, ಹೆಂಡತಿ ಸೊನ್ನೆಯನ್ನು ಕರೆತಂದು ಮುಂದೆ ನಿಲ್ಲಿಸಬೇಕು, ಅತ್ತೆ ಗಡಿಯಾರ ನೋಡಿ ಮೂರು ನಿಮಿಷ ಎಣಿಸಬೇಕು. ದಿನಕ್ಕೆ ಎರಡು ಸಲದಂತೆ ಹತ್ತು ದಿನ. ಲ್ಯಾಬಿನಲ್ಲಿ ಸೂಕ್ಷ್ಮ ತಕ್ಕಡಿಯ ಮುಂದೆ ಕೂರುವ ಮೊದಲು ಜೇಬಿನಲ್ಲಿರುವುದನ್ನೆಲ್ಲ ಮುಚ್ಚಳದ ತಗಡಿನ ಡಬ್ಬಿಗೆ ಹಾಕಿ ದೂರ ಇಡಬೇಕೆಂಬ ನಿಯಮವಿತ್ತು. ಆ ಅಭ್ಯಾಸ ಅವನ ರಕ್ತದಲ್ಲೇ ಇಳಿದಿತ್ತು. ಸಂಜೆ ಮನೆಗೆ ಬಂದೊಡನೆ ಜೇಬು ಬರಿದು ಮಾಡಿ, ಅಂಥದೇ ಒಂದು ಡಬ್ಬಿಗೆ ತುಂಬಿ ಮಲಗುವ ಕೋಣೆಯ ಬೀರುವಿನ ಮೇಲಿಡುತ್ತಿದ್ದ. ಪರೀಕ್ಷೆಗೆ ಕೂರುವಾಗಲೂ ಪೆನ್ನು, ಚಿಲ್ಲರೆ, ಫೋನು ಎಲ್ಲ ಡಬ್ಬಿಗೆ ಹೋದವು.

ಇಪ್ಪತ್ತು ಪರೀಕ್ಷೆಯಲ್ಲಿ ಸೊನ್ನೆ ಒಮ್ಮೆಯೂ ಬೊಗಳಲಿಲ್ಲ. ಮಲಗುವ ಕೋಣೆಯ ಕಡೆಗೆ ಕತ್ತು ತಿರುಗಿಸಿ ಹಗ್ಗ ಜಗ್ಗುತ್ತಿತ್ತು ಅಷ್ಟೇ. "ಗಮನ ಬೇರೆಡೆ," ಎಂದು ಮಿಲಿಗ್ರಾಂ ಇಪ್ಪತ್ತು ಸಲ ಬರೆದ. ಪರೀಕ್ಷೆ ಮುಗಿಸಿ, ಜೇಬು ತುಂಬಿಕೊಂಡು ಅವನು ಕೆಲಸಕ್ಕೆ ಹೊರಟ ಕೂಡಲೇ ಅದೇ ಎದೆ, ಅದೇ ಬೊಗಳು.

ಇದರ ಜೊತೆಗೆ ಇನ್ನೊಂದು ತಾಪತ್ರಯ. ಸಂಜೆಯಾದರೆ ಸೊನ್ನೆ ಬೀರುವಿನ ಮುಂದೆ ಕೂತು ಅದರ ನೆತ್ತಿ ನೋಡಿ ಬೊಗಳುತ್ತಿತ್ತು. "ಇಲಿ," ಎಂದರು ಅತ್ತೆ. ಬೋನು ಇಟ್ಟರು. ಮರುದಿನ ಬೆಳಿಗ್ಗೆ ನಿಜಕ್ಕೂ ಒಂದು ಇಲಿ ಬಿದ್ದಿತ್ತು. ಅದು ಎಲ್ಲಿಂದ ಬಂತೋ, ಯಾರ ಮನೆಗೆ ಹೊರಟಿತ್ತೋ. ಅಂತೂ ಆ ಬಡ ಇಲಿ ಅತ್ತೆಯ ಮಾತಿಗೆ ಸಾಕ್ಷಿಯಾಗಲೆಂದೇ ಹುಟ್ಟಿದಂತಿತ್ತು. ಸಂಜೆ ಸೊನ್ನೆ ಮತ್ತೆ ಬೊಗಳಿದಾಗ ಅತ್ತೆ, "ಇನ್ನೊಂದಿದೆ," ಎಂದು ಬೋನನ್ನು ತೊಳೆದಿಟ್ಟರು. ಮಿಲಿಗ್ರಾಂ ಅದನ್ನೂ ಪುಸ್ತಕದಲ್ಲಿ ಬರೆದ, ಬೇರೆ ಪುಟದಲ್ಲಿ. ಎದೆಯ ಪುಟ ಬೇರೆ, ಬೀರುವಿನ ಪುಟ ಬೇರೆ. ಅಚ್ಚುಕಟ್ಟು ಎಂದರೆ ಅಚ್ಚುಕಟ್ಟು.

ಇಲ್ಲಿ ಅವನ ಫೋನಿನ ಬಗ್ಗೆ ಒಂದು ಮಾತು. ಅದು ಒಂಬತ್ತು ವರ್ಷದ್ದು. ಅದರ ಹಿಂದಿನ ಮುಚ್ಚಳ ಇತ್ತೀಚೆಗೆ ಕೂರುತ್ತಿರಲಿಲ್ಲವೆಂದು ರಬ್ಬರ್ ಬ್ಯಾಂಡು ಹಾಕಿದ್ದ. ಒಂದು ಸಾಲದೆ ಬಂದಾಗ ಎರಡು ಹಾಕಿದ್ದ. ಲ್ಯಾಬಿನಲ್ಲಿ ಕನ್ನಡಿಯಂತೆ ಸಮತಟ್ಟಾದ ಕಲ್ಲಿನ ಮೇಜೊಂದಿದೆ. ಅದರ ಮೇಲಿಟ್ಟಾಗ ಫೋನು ತೊಟ್ಟಿಲಿನಂತೆ ತೂಗಾಡಿತು. ಮಿಲಿಗ್ರಾಂ ಗಾಬರಿಯಾಗಿ, ಮೇಜು ಡೊಂಕಾಗಿದೆಯೆಂದು ಅರ್ಧ ದಿನ ಮೇಜನ್ನು ಅಳೆದ. ಮೇಜು ಸರಿಯಾಗಿಯೇ ಇತ್ತು. ಅಲ್ಲಿಗೆ ವಿಷಯ ಮುಗಿಯಿತು ಎಂದುಕೊಂಡ. ಇನ್ನೊಂದು ದಿನ ಬಟ್ಟೆ ನೆನೆಹಾಕುತ್ತಿದ್ದ ಹೆಂಡತಿ ಅಂಗಿಯನ್ನು ಮೂಗಿಗೆ ಹಿಡಿದು, "ರೀ, ನಿಮ್ಮ ಜೇಬು ಉಗುರುಬಣ್ಣದ ವಾಸನೆ ಬರ್ತಿದೆ," ಎಂದು ಅವನ ಮುಖವನ್ನೇ ನೋಡಿದಳು. "ಲ್ಯಾಬಲ್ಲಿ ಒರೆಸೋಕೆ ಅಸಿಟೋನ್ ಬಳಸ್ತೀವಲ್ಲ," ಎಂದ. ಅವಳು ಇನ್ನೂ ಸ್ವಲ್ಪ ಹೊತ್ತು ನೋಡಿ ನೆನೆಹಾಕಿದಳು.

ಹತ್ತನೆಯ ದಿನ ರಾತ್ರಿ ಊಟವಾದ ಮೇಲೆ ಅವನು ಸೊನ್ನೆಯ ಕೊರಳಪಟ್ಟಿಗೆ ಕೆಂಪು ಚೀಟಿ ಅಂಟಿಸಿದ.

"ಇದೇನಿದು?" ಎಂದಳು ಹೆಂಡತಿ.

"ಪರೀಕ್ಷೆ ಮಾಡ್ದಾಗ ಸುಮ್ನಿರುತ್ತೆ, ಮಾಡ್ದಿದ್ದಾಗ ಕೂಗುತ್ತೆ. ಇಂಥದ್ದನ್ನ ಇಟ್ಕೊಂಡ್ರೆ ನನಗೆ ನಿಜವಾಗ್ಲೂ ಹಾರ್ಟ್ ಅಟ್ಯಾಕ್ ಆಗುತ್ತೆ ಕಣೇ. ರಾತ್ರಿ ಮಲಗಿದ್ರೆ ಬರೀ ಎದೆಬಡಿತ ಎಣಿಸ್ತಾ ಇರ್ತೀನಿ. ಅಕ್ಕ ಕಾವಲಿಗೆ ನಾಯಿ ಬೇಕು ಅಂತಿದ್ಲು. ಭಾನುವಾರ ಬಂದು ಕರ್ಕೊಂಡು ಹೋಗ್ತಾಳೆ."

"ನಾನೂ ಪರೀಕ್ಷೆ ಮಾಡ್ದಾಗ ಸುಮ್ನಿರ್ತೀನಿ, ಮಾಡ್ದಿದ್ದಾಗ ಕೂಗ್ತೀನಿ," ಎಂದಳು ಹೆಂಡತಿ. "ನನಗೂ ಒಂದು ಚೀಟಿ ಅಂಟಿಸಿ. ನಾನೂ ಅತ್ತಿಗೆ ಜೊತೆ ಹೋಗ್ತೀನಿ." ಹೀಗೆ ಹೇಳಿ ಎದ್ದು ಹೋದಳು. ಎರಡು ದಿನ ಅವನ ಜೊತೆ ಮಾತಾಡಲಿಲ್ಲ.

ಶನಿವಾರ ಮಿಲಿಗ್ರಾಂ ಅಕ್ಕನಿಗೆ ಕೊಡಲೆಂದು ಎರಡು ಪುಟ ಬರೆದ. ಬೆಳಿಗ್ಗೆ ಇನ್ನೂರ ಹತ್ತು ಗ್ರಾಂ ಊಟ, ನೀರು ಹೀಗೆ, ಸ್ನಾನ ಹೀಗೆ. ಕೊನೆಯ ಸಾಲು, "ಮಲಗುವಾಗ ಯಾರದಾದರೂ ಪಾದ ಬೇಕಾಗುತ್ತದೆ," ಎಂದಿತ್ತು. ಅದನ್ನು ಬರೆದ ಮೇಲೆ ಕನ್ನಡಕವನ್ನು ನಾಲ್ಕು ಸಲ ಒರೆಸಿಕೊಂಡ. ಸೊನ್ನೆ ಮೇಜಿನ ಕೆಳಗೆ ಅವನ ಪಾದದ ಮೇಲೇ ಇತ್ತು. ಕೆಂಪು ಚೀಟಿ ಅದಕ್ಕೆ ಒಪ್ಪುತ್ತಲೂ ಇತ್ತು, ಕಷ್ಟವೆಂದರೆ ಅದೇ.

ಭಾನುವಾರ ಬೆಳಿಗ್ಗೆ ಬಸ್‌ಸ್ಟ್ಯಾಂಡಿನಿಂದ ಅಕ್ಕನ ಫೋನು ಬಂತು. ಮಾತಾಡಿ ಮುಗಿಸಿದವನು ಬೀರುವಿನ ತನಕ ಹೋಗುವ ಚೈತನ್ಯವಿಲ್ಲದೆ ಫೋನನ್ನು ಜೇಬಿಗೇ ಹಾಕಿಕೊಂಡ. ಅಕ್ಕ ಬಟ್ಟೆಯ ಚೀಲ ಒಂದು ಕೈಯಲ್ಲಿ, ಹೊಸ ಹಗ್ಗ ಇನ್ನೊಂದು ಕೈಯಲ್ಲಿ ಹಿಡಿದು ಬಂದಳು.

"ಎಲ್ಲೋ ನಿನ್ನ ಕೆಟ್ಟುಹೋದ ನಾಯಿ?"

"ಕೆಟ್ಟುಹೋಗಿಲ್ಲ ಅಕ್ಕ. ಒಂದೇ ಒಂದು ದೋಷ. ನಾನೇ ಹಗ್ಗ ಕಟ್ತೀನಿ, ಕೊಡು."

ಅವನು ಬಗ್ಗಿದ. ಸೊನ್ನೆ ಹಗ್ಗವನ್ನೂ ನೋಡಲಿಲ್ಲ, ಅಕ್ಕನನ್ನೂ ನೋಡಲಿಲ್ಲ. ನೆಗೆದದ್ದೇ ಅವನ ಜೇಬಿಗೆ ಬಾಯಿ ಹಾಕಿ ಎಳೆಯಿತು. ಜೇಬು ಚರ್ರನೆ ಹರಿಯಿತು. ಫೋನು ನೆಲಕ್ಕೆ ಬಿದ್ದು, ರಬ್ಬರ್ ಬ್ಯಾಂಡುಗಳು ಎರಡು ದಿಕ್ಕಿಗೆ ಹಾರಿದವು.

"ಅಯ್ಯೋ, ಕಚ್ಚೋ ನಾಯೀನ ನನ್ನ ತಲೆಗೆ ಕಟ್ತಿದೀಯೇನೋ," ಎಂದಳು ಅಕ್ಕ.

ಎಲ್ಲರೂ ನೆಲ ನೋಡುತ್ತಿದ್ದರು. ಫೋನಿನೊಳಗಿನ ಬ್ಯಾಟರಿ ದಿಂಬಿನಂತೆ ಊದಿಕೊಂಡಿತ್ತು. ಮೊದಲು ಬುಸ್ಸೆಂಬ ಸದ್ದು, ಆಮೇಲೆ ಒಂದೆಳೆ ಬಿಳಿ ಹೊಗೆ, ಅದಕ್ಕೆ ಅದೇ ಉಗುರುಬಣ್ಣದ ವಾಸನೆ. ಸೊನ್ನೆ ಬಾಗಿಲ ತನಕ ಹಿಂದೆ ಸರಿದು, ಇನ್ನು ನಿಮ್ಮ ಹಣೆಬರಹ ಎನ್ನುವಂತೆ ಕೂತಿತು.

ಅತ್ತೆ ಮುಂದೆ ಬಂದರು. ಇಷ್ಟು ವರ್ಷ ಆ ಇಕ್ಕಳ ಕೈಯಲ್ಲಿ ಹಿಡಿದದ್ದು ಈ ದಿನಕ್ಕಾಗಿಯೇ ಇರಬೇಕು. ಫೋನನ್ನು ಎತ್ತಿ, ತೋಳು ನೀಳವಾಗಿ ಚಾಚಿ, ಬಾಲ್ಕನಿಗೆ ನಡೆದು, ಮಣ್ಣು ಮಾತ್ರ ಉಳಿದಿದ್ದ ಹೂಕುಂಡಕ್ಕೆ ಹಾಕಿ, ಬಾಗಿಲೆಳೆದು ಚಿಲಕ ಹಾಕಿದರು. ಗಾಜಿನಾಚೆ ಫೋನು ಒಂದು ಮೊಳ ಎತ್ತರಕ್ಕೆ ಉರಿಯಿತು.

"ಎದೆ ಮೇಲೆ ಇಟ್ಕೊಂಡು ಓಡಾಡ್ತಿದ್ರಿ," ಎಂದಳು ಹೆಂಡತಿ. ಎರಡು ದಿನದಲ್ಲಿ ಅವಳು ಆಡಿದ ಮೊದಲ ಮಾತು ಅದು.

ಮಿಲಿಗ್ರಾಂ ಪುಸ್ತಕ ತಂದು ನೆಲದ ಮೇಲೇ ಕೂತ. ಎದೆಯ ಪುಟ ತೆರೆದ, ಬೀರುವಿನ ಪುಟ ತೆರೆದ, ಎರಡನ್ನೂ ಪಕ್ಕಪಕ್ಕ ಇಟ್ಟ. ಫೋನು ಜೇಬಿನಲ್ಲಿದ್ದಾಗ ಎದೆಗೆ ಬೊಗಳಿದೆ. ಡಬ್ಬಿಯಲ್ಲಿದ್ದಾಗ ಬೀರುವಿಗೆ ಬೊಗಳಿದೆ. ಪರೀಕ್ಷೆಯ ಇಪ್ಪತ್ತು ಸಲವೂ ಮಲಗುವ ಕೋಣೆಗೆ ಕತ್ತು ತಿರುಗಿಸಿದೆ. ಒಂದೇ ಒಂದು ತಪ್ಪಿಲ್ಲ. ತಪಾಸಣೆಗಾರನೇ ಅಚ್ಚುಕಟ್ಟಾಗಿ, ನಿಯಮದ ಪ್ರಕಾರ, ಪ್ರತಿ ಸಲವೂ ರೋಗವನ್ನು ಎತ್ತಿ ಪಕ್ಕದ ಕೋಣೆಯಲ್ಲಿಟ್ಟು ಬಂದು ರೋಗ ಎಲ್ಲಿದೆ ಎಂದು ಕೇಳಿದ್ದ.

"ಹಾಗಾದ್ರೆ ಇಲಿ?" ಎಂದರು ಅತ್ತೆ, ಸ್ವಲ್ಪ ಬೇಸರದಿಂದ.

"ಇಲಿ ಸುಮ್ನೆ ಬಂದಿತ್ತು ಅತ್ತೆ."

ಅವನು ಕೆಂಪು ಚೀಟಿಯನ್ನು ಉಗುರಿನಿಂದ ಕಿತ್ತ. ಸ್ವಲ್ಪ ಕೂದಲೂ ಬಂತು, ಸೊನ್ನೆ ಸಹಿಸಿಕೊಂಡಿತು. ಲ್ಯಾಬಿನ ಚೀಲದಿಂದ ಹಸಿರು ಚೀಟಿ ತೆಗೆದು, ತಾರೀಖು ಬರೆದು, ಕೊರಳಪಟ್ಟಿಗೆ ಅಂಟಿಸಿದ. ಸಹಿ ಮಾಡುವಾಗ ಅಕ್ಷರ ಸೊಟ್ಟಗಾಯಿತು. ಹಾಗೆ ಆದದ್ದು ಇಪ್ಪತ್ತೆರಡು ವರ್ಷದಲ್ಲಿ ಅದೇ ಮೊದಲು.

"ಅಂದ್ರೆ ನಾನು ಬರಿಗೈಲಿ ಹೋಗ್ಬೇಕಾ?" ಎಂದಳು ಅಕ್ಕ. "ಎರಡು ಬಸ್ಸು ಬದಲಾಯಿಸಿ ಬಂದಿದೀನಿ ಕಣೋ."

"ಇಲಿಬೋನು ಇದೆ, ತಗೊಂಡು ಹೋಗಿ ಅತ್ತಿಗೆ," ಎಂದಳು ಹೆಂಡತಿ. "ಹೊಸದರ ಹಾಗೇ ಇದೆ."

ಅಷ್ಟರಲ್ಲಿ ಸೊನ್ನೆ ಎದ್ದಿತು. ನಿಧಾನವಾಗಿ ನಡೆದು ಅಕ್ಕನ ಬಟ್ಟೆಯ ಚೀಲದ ಮುಂದೆ ನಿಂತಿತು. ಮೂಗು ಒತ್ತಿ ಹಿಡಿಯಿತು. ಎರಡು ಹೆಜ್ಜೆ ಹಿಂದೆ ಸರಿಯಿತು. ಒಂದು ಸಲ ಬೊಗಳಿತು.

ಹೆಂಡತಿ ಬಾಲ್ಕನಿಯ ಚಿಲಕದ ಮೇಲೆ ಕೈಯಿಟ್ಟಳು. ಮಿಲಿಗ್ರಾಂ ಗಡಿಯಾರ ನೋಡಿಕೊಂಡ.

"ಅಕ್ಕ, ಚೀಲದಿಂದ ದೂರ ಬಾ. ಅದ್ರಲ್ಲಿ ಏನಿದೆ?"

"ಬಿಸ್ಕತ್ತು ಕಣೋ. ದಾರೀಲಿ ನಾಯಿಗೇ ಕೊಡೋಣ ಅಂತ ತಂದಿದ್ದೆ."

ಯಾರೂ ನಂಬಲಿಲ್ಲ. ಈಗ ನಾಯಿಗೆ ಹಸಿರು ಚೀಟಿ ಇತ್ತು, ಅಕ್ಕನಿಗೆ ಇರಲಿಲ್ಲ. ಅತ್ತೆ ಇಕ್ಕಳವನ್ನು ಚೀಲದೊಳಗೆ ಇಳಿಸಿ ಬಿಸ್ಕತ್ತಿನ ಪೊಟ್ಟಣವನ್ನು ಹೊರತೆಗೆದು, ತೋಳು ನೀಳವಾಗಿ ಚಾಚಿ ಹಿಡಿದರು. ಸೊನ್ನೆ ಕುಳಿತು, ಬಾಲದಿಂದ ನೆಲ ಗುಡಿಸುತ್ತಾ ಬಾಯಿ ತೆರೆಯಿತು. ಮಿಲಿಗ್ರಾಂ ಹೊಸ ಪುಟ ತೆಗೆದ. ಈ ಸಲ ಎದೆ, ಬೀರು, ಚೀಲ ಮೂರನ್ನೂ ಒಂದೇ ಪುಟದಲ್ಲಿ ಬರೆದ.