ಚಿಲಕಕ್ಕೆ ಹೊಲಿದ ಚೀಲ

ನನ್ನ ತಮ್ಮ ದರ್ಜಿ. ಮನೆಯಲ್ಲಿ ಕಾಲೇಜು ಓದಿದವಳು ನಾನೊಬ್ಬಳೇ. ಹಾಗಾಗಿ ಯಾರಿಗೆ ನೆಗಡಿಯಾದರೂ ಮೊದಲು ನನ್ನನ್ನು ಕೇಳುವುದು ನಮ್ಮಲ್ಲಿ ರೂಢಿ. ಆ ರೂಢಿಯಿಂದ ಆದದ್ದನ್ನೇ ಹೇಳುತ್ತೇನೆ.

ತಮ್ಮನ ಅಂಗಡಿ ಎಂದರೆ ಮಹಡಿ ಮೆಟ್ಟಿಲ ಕೆಳಗಿನ ಒಂದು ಗೂಡು. ಒಂದು ಮೆಷಿನ್ನು, ಒಂದು ಮರದ ಸ್ಟೂಲು, ಗೋಡೆಗೊಂದು ಕನ್ನಡಿ. ಶೌಚಾಲಯವಿಲ್ಲ. ಎದ್ದು ಹೋಗಬೇಕಾದರೆ ಬಾಗಿಲು ಹಾಕಿಕೊಂಡು ಹೋಗಬೇಕು. ಅದಕ್ಕೇ ಅವನು ಹಗಲೆಲ್ಲ ನೀರು ಮುಟ್ಟುತ್ತಿರಲಿಲ್ಲ. ಮೂತ್ರ ಬಂದರೂ ತಡೆದುಕೊಂಡು ಕೂತಿರುತ್ತಿದ್ದ.

ಹೋದ ವರ್ಷ ಒಂದು ಸಂಜೆ ನನ್ನ ಮನೆಗೆ ಬಂದ. ಕೂರು ಎಂದರೂ ಕೂರಲಿಲ್ಲ. ಅದೂ ಇದೂ ಮಾತಾಡಿ, ಕೊನೆಗೆ ಗೋಡೆ ನೋಡಿಕೊಂಡು ಹೇಳಿದ.

"ಅಕ್ಕ, ರಾತ್ರಿ ಐದಾರು ಸಲ ಏಳ್ತೀನಿ. ಹೋದ್ರೆ ನಾಲ್ಕು ಹನಿ, ಅದೂ ಉರಿ. ಕೆಳಹೊಟ್ಟೆ ಹಿಡ್ಕೊಂಡ ಹಾಗೆ ನೋವು. ಹಗಲು ಹೆಂಗೋ ತಳ್ತೀನಿ, ಮಲಗಿದ್ರೆ ಜಾಸ್ತಿ."

"ಉಷ್ಣ ಕಣೋ," ಎಂದೆ. ಮಲಗುವ ಮುಂಚೆ ಎರಡು ಚೊಂಬು ನೀರು ಕುಡಿ ಎಂದೆ. ನನಗೆ ಹಿಂದೊಮ್ಮೆ ಮೂತ್ರದ ಸೋಂಕಾದಾಗ ಬರೆದುಕೊಟ್ಟ ಮಾತ್ರೆಗಳಲ್ಲಿ ಆರು ಉಳಿದಿದ್ದವು. ಅವನ್ನೂ ಕೊಟ್ಟೆ. ಮೂರು ದಿನಕ್ಕೆ ಉರಿ ಇಳಿಯಿತು. ಆಮೇಲೆ ಅವನು ನನ್ನನ್ನು "ಡಾಕ್ಟರಮ್ಮ" ಎಂದು ಕರೆಯತೊಡಗಿದ. ನಾನು ಹಿಗ್ಗಿದೆ. ಎರಡು ತಿಂಗಳಿಗೆ ಮತ್ತೆ ಬಂತು. ಮಾತ್ರೆಯ ಖಾಲಿ ಪಟ್ಟಿ ತೋರಿಸಿ ಔಷಧಿ ಅಂಗಡಿಯಿಂದ ಅದನ್ನೇ ತರಿಸಿದೆ. ಹೀಗೆ ಮೂರು ಸಲ.

ಆಸ್ಪತ್ರೆಯ ನರ್ಸಮ್ಮ ರವಿಕೆ ಹೊಲಿಸಲು ಅವನ ಅಂಗಡಿಗೆ ಬರುತ್ತಿದ್ದರು. ಅವನು ಸ್ಟೂಲಿನ ಅಂಚಿನಲ್ಲಿ, ಚಿಂದಿ ತುಂಬಿದ ಮೆತ್ತೆ ಹಾಕಿಕೊಂಡು ಕೂರುವುದನ್ನು ಕಂಡು, ಕೂತರೆ ನೋವೇ, ಮೂತ್ರಕ್ಕೆ ತೊಂದರೆಯೇ ಎಂದು ನೇರವಾಗಿಯೇ ಕೇಳಿದರಂತೆ.

"ಅಳತೆ ನಾನು ತಗೋಬೇಕಮ್ಮ, ನೀವಲ್ಲ," ಎಂದನಂತೆ ಇವನು.

ಆಕೆ ನಕ್ಕರು, ಆದರೆ ಬಿಡಲಿಲ್ಲ. ಗಂಡಸರಿಗೆ ಮೂತ್ರಕೋಶದ ಕೆಳಗೆ ಪ್ರಾಸ್ಟೇಟ್ ಎಂಬ ಸಣ್ಣ ಗ್ರಂಥಿ ಇರುತ್ತದೆ, ಅದು ಊದಿಕೊಂಡರೆ ಹೀಗೆಲ್ಲ ಆಗಬಹುದು, ಇದು ಮುದುಕರಿಗಷ್ಟೇ ಬರುವುದಲ್ಲ, ನಾಚಿಕೆಯ ಕಾಯಿಲೆಯೂ ಅಲ್ಲ, ಮೂತ್ರ ಪರೀಕ್ಷೆ ಮಾಡಿಸಿ ಎಂದರು. ಅಕ್ಕ ಔಷಧಿ ಕೊಡುತ್ತಿದ್ದಾಳೆ ಎಂದು ಇವನು ಮಾತು ಮುಗಿಸಿದ. ಅವನು ಬಂದು ಇದನ್ನು ಹೇಳಿದಾಗ, ಆಸ್ಪತ್ರೆಯವರು ಹೆದರಿಸುವುದು ಇದ್ದದ್ದೇ ಎಂದು ನಾನೂ ಒಗ್ಗರಣೆ ಹಾಕಿದೆ.

ಇಪ್ಪತ್ತು ದಿನಕ್ಕೆ, ಬೆಳಗಿನ ಜಾವ ಅವನ ಹೆಂಡತಿಯ ಫೋನ್ ಬಂತು. ಗಡಗಡ ನಡುಗುವ ಜ್ವರ. ಸಂಜೆಯಿಂದ ಒಂದು ಹನಿ ಮೂತ್ರವಿಲ್ಲ. ನಾನು ಓಡಿದೆ. ಟವೆಲ್ ತರಲು ಬಚ್ಚಲಿಗೆ ಹೋದಾಗ ಬಾಗಿಲ ಚಿಲಕ ಕೈಗೆ ಮೆತ್ತಗೆ ತಾಗಿತು. ಅದಕ್ಕೊಂದು ಮಖಮಲ್ಲಿನ ಚೀಲ, ಸಣ್ಣ ಸಣ್ಣ ಹೊಲಿಗೆ, ಒಂದು ಗುಂಡಿ.

"ಸದ್ದಿಗೆ ನನಗೆ ಎಚ್ಚರ ಆಗಬಾರದು ಅಂತ ಇವರೇ ಹೊಲಿದಿದ್ದಾರೆ, ಅತ್ತಿಗೆ," ಎಂದಳು ಅವಳು. "ನಾನು ಇವರಿಗೆ ಗುಣ ಆಯ್ತು ಅಂದ್ಕೊಂಡಿದ್ದೆ."

ಆಸ್ಪತ್ರೆಯಲ್ಲಿ ನಳಿಕೆ ಹಾಕಿ ಮೂತ್ರ ತೆಗೆದರು. ಮೊದಲು ಮಾತ್ರೆ ಕೊಟ್ಟವರು ಯಾರು ಎಂದು ಡಾಕ್ಟರು ಕೇಳಿದರು. ಆ ಜ್ವರದಲ್ಲೂ ತಮ್ಮ ನನ್ನ ಕಡೆ ನೋಡದೆ, "ನಾನೇ ಅಂಗಡೀಲಿ ಕೇಳಿ ತಗೊಂಡೆ ಸಾರ್," ಎಂದ.

ನನಗೆ ಸುಮ್ಮನಿರಲಾಗಲಿಲ್ಲ. "ಇಲ್ಲ ಡಾಕ್ಟ್ರೇ, ನಾನು ಕೊಟ್ಟೆ."

ಅವರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಅರ್ಧಂಬರ್ಧ ಮಾತ್ರೆಗೆ ರೋಗಾಣು ಗಟ್ಟಿಯಾಗಿದೆ, ಆ ಔಷಧಿ ಇನ್ನು ನಾಟುವುದಿಲ್ಲ, ಯಾವುದು ನಾಟುತ್ತದೆಂದು ಪರೀಕ್ಷೆ ಮಾಡಿ ಆರು ವಾರ ಕೊಡಬೇಕು ಎಂದರು. ಮೊದಲ ಸಲವೇ ಬಂದಿದ್ದರೆ ಇಷ್ಟು ಎಳೆಯುತ್ತಿರಲಿಲ್ಲ ಎಂದೂ ಹೇಳಿದರು.

ಮನೆಗೆ ಕಳಿಸುವಾಗ ನರ್ಸಮ್ಮ ಪಕ್ಕ ಕೂತು ವಿವರಿಸಿದರು. ನೀರು ಕುಡಿದರೆ ತಾನೇ ಏಳಬೇಕಾಗುವುದು, ಕುಡಿಯದಿದ್ದರೇ ಲೇಸಲ್ಲವೇ ಎಂದು ತಮ್ಮ ಇನ್ನೂ ಅನುಮಾನ ಪಟ್ಟ.

"ಕಮ್ಮಿ ಮಾಡಬೇಡಿ, ಹೊತ್ತು ಬದಲಾಯಿಸಿ," ಎಂದರು. "ಹಗಲು ಚೆನ್ನಾಗಿ ಕುಡೀರಿ. ಮಲಗೋ ಎರಡು ಮೂರು ಗಂಟೆ ಮುಂಚೆ ಕಮ್ಮಿ ಮಾಡಿ. ಸಂಜೆ ಮೇಲೆ ಟೀ ಬೇಡ."

ಮೂತ್ರ ತಡೆಯಬೇಡಿ, ಗಂಟೆಗೊಮ್ಮೆ ಸ್ಟೂಲು ಬಿಟ್ಟು ಎದ್ದು ಓಡಾಡಿ ಎಂದರು. ರಾತ್ರಿ ಟಬ್ಬಿನಲ್ಲಿ ಸೊಂಟದವರೆಗೆ ಬೆಚ್ಚಗಿನ ನೀರು ತುಂಬಿ ಹತ್ತು ಹದಿನೈದು ನಿಮಿಷ ಕೂತರೆ ನೋವು ಸಡಿಲವಾಗುತ್ತದೆ ಎಂದರು. ಮಲಗುವ ಮುಂಚೆ ಒಮ್ಮೆ ಹೋಗಿ ಬರಬೇಕು. ಉರಿ ನಿಂತರೂ ಮಾತ್ರೆ ನಿಲ್ಲಿಸಬಾರದು. ಇದನ್ನು ನನ್ನ ಮುಖ ನೋಡಿ ಹೇಳಿದರು.

ಈಗ ತಮ್ಮ ಎದ್ದು ಹೋದಾಗ ಪಕ್ಕದ ಕ್ಷೌರಿಕ ಇವನ ಅಂಗಡಿ ನೋಡಿಕೊಳ್ಳುತ್ತಾನೆ. "ಹದಿನೈದು ವರ್ಷದಿಂದ ಪಕ್ಕದಲ್ಲೇ ಇದ್ದೀನಿ, ಒಂದು ಮಾತು ಕೇಳಬಾರದಿತ್ತೇನೋ ಮಾರಾಯ?" ಎಂದನಂತೆ.

ತಮ್ಮ ಈಗ ರಾತ್ರಿ ಒಮ್ಮೆ ಏಳುತ್ತಾನೆ, ಕೆಲವು ದಿನ ಎರಡು ಸಲ. ನೋವು ಪೂರ್ತಿ ಬಿಟ್ಟಿಲ್ಲ. ಅವನ ಹೆಂಡತಿ ಆ ಚೀಲ ಬಿಚ್ಚಿಬಿಟ್ಟಿದ್ದಾಳೆ. ಚಿಲಕ ಸದ್ದಾದರೆ, "ಹೇಗಿದೆ ರೀ?" ಎಂದು ಮಲಗಿದಲ್ಲಿಂದಲೇ ಕೇಳುತ್ತಾಳೆ. ಅವನೂ ಮುಚ್ಚಿಡದೆ ಹೇಳುತ್ತಾನೆ.

ಅಣ್ಣಂದಿರೇ, ತಮ್ಮಂದಿರೇ, ರಾತ್ರಿ ಮತ್ತೆ ಮತ್ತೆ ಏಳುವಂತಾದರೆ, ಉರಿ ನೋವಿದ್ದರೆ, ಡಾಕ್ಟರಿಗೆ ತೋರಿಸಿ. ಚಳಿಜ್ವರ ಬಂದರೆ, ಮೂತ್ರ ಕಟ್ಟಿದರೆ, ರಕ್ತ ಕಂಡರೆ ಬೆಳಗಾಗುವುದನ್ನು ಕಾಯಬೇಡಿ, ಆಗಲೇ ಹೊರಡಿ. ಅಕ್ಕತಂಗಿಯರೇ, ನಿಮ್ಮಲ್ಲಿ ಉಳಿದ ಮಾತ್ರೆ ಇನ್ನೊಬ್ಬರಿಗೆ ಕೊಡಬೇಡಿ, ಎಷ್ಟೇ ಪ್ರೀತಿಯಿರಲಿ. ಅವರ ಜೊತೆ ಆಸ್ಪತ್ರೆಗೆ ಹೋಗಿ.

ಆ ಮಖಮಲ್ಲಿನ ಚೀಲವನ್ನು ನಾನು ಕೇಳಿ ಇಸಿದುಕೊಂಡೆ. ಮಾತ್ರೆ ಕೂಡಿಡುತ್ತಿದ್ದ ನನ್ನ ಡಬ್ಬಿಯಲ್ಲಿ ಈಗ ಅದೊಂದೇ ಇದೆ.