ಎಲ್ಲಾ ಸೀರಿಗೂ ಒಪ್ಪೋ ಕುಪ್ಪಸ

ಸುಮನ ಕರಿ ಕುಪ್ಪಸದ ಬದಿಗೆ ಹೊಲಿಗೆ ಹಾಕುತ್ತಿದ್ದಳು. ತನ್ನ ಮೂರೂ ಸೀರೆಗೆ ಒಪ್ಪಲೆಂದು, ಸಣಕಲು ಮೈ ತುಂಬಿದಂತೆ ಕಾಣಲೆಂದು ತಾನೇ ಹೊಲಿದುಕೊಂಡದ್ದು. ಮುಂದೆ ದಪ್ಪಗಾದರೆ ಬೇಕೆಂದು ಒಳಗೆ ಬಟ್ಟೆ ಬಿಟ್ಟದ್ದೇ ತಪ್ಪಾಯಿತು. ಅವ್ವ ಹೊಲಿಗೆ ಬಿಚ್ಚಿ ಗೋಕಾಕಿಗೆ ತೊಟ್ಟುಕೊಂಡು ಹೋದಳು. ಸೋದರತ್ತೆ ಇಂದ್ರವ್ವ ಇನ್ನಷ್ಟು ಬಿಚ್ಚಿ ಮೂಡಲಗಿಯ ಬೀಗರ ಮನೆಗೆ. ಹೊಲಿದವಳು ಮಾತ್ರ ಇನ್ನೂ ಹೊರಗೆ ತೊಟ್ಟಿರಲಿಲ್ಲ.

ಇಂದು ಹುಕ್ಕೇರಿಯಲ್ಲಿ ಆಕೆಯ ಗೆಳತಿಯ ಮದುವೆ. ಸುಮನ ಹೊಲಿಗೆ ಮುಗಿಸಿ ಜಳಕ ಮಾಡಿ ಬರುವಷ್ಟರಲ್ಲಿ ಕುಪ್ಪಸ ಮತ್ತೆ ಹೊಲಿಗೆ ಬಿಚ್ಚಿಸಿಕೊಂಡು ಇಂದ್ರವ್ವನ ಮೈಮೇಲಿತ್ತು.

“ಅತ್ತಿ, ಅದನ್ನ ಈಗಷ್ಟ ನನ್ನ ಅಳತಿಗೆ ಹಿಡದಿದ್ದೆ.”

“ಎಲ್ಲಾ ಸೀರಿಗೂ ಒಪ್ಪತೈತಿ ಅಂದಾಕಿ ನೀನ ಅಲ್ಲೇನ? ನಂದೂ ಸೀರೀನ ಐತಿ.”

ಅವ್ವ ಸೆರಗು ಅಡ್ಡ ಹಿಡಿದು ನಕ್ಕಳು. ಹೊರಗೆ ಟೆಂಪೋ ಹಾರ್ನ್ ಹೊಡೆಯಿತು. ಅವ್ವ, ಅತ್ತೆ ಇಬ್ಬರೂ ಅವಸರದಿಂದ ಚಪ್ಪಲಿ ಹುಡುಕತೊಡಗಿದರು.

“ಅತ್ತಿ,” ಟವೆಲ್ ಹೊದ್ದು ನಿಂತ ಸುಮನ ಕೇಳಿದಳು, “ನನ್ನ ಕುಪ್ಪಸ ಕೊಡ್ರಿ.”